ಮಾಗಡಿ ಯಾವ ದಿಕ್ಕಿಗಿದೆ?

ಮ್ಯಾಪ್ ತೆಗೆದು ಬೆಂಗಳೂರಿನಿಂದ ಮಾಗಡಿಗೆ ಒಂದು ಗೆರೆ ಎಳೆದು ನೋಡಿ. ಎರಡೂ ಊರು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿಗೆ ತುಸು ಕೆಳಗೆ. ಅಂದ್ರೆ ಗೆರೆ ನೇರ ಪಶ್ಚಿಮಕ್ಕೆ ಹೋಗುತ್ತೆ. ಆದರೂ 2025ರಿಂದ ಮಾಗಡಿ ಇರೋದು 'ಬೆಂಗಳೂರು ದಕ್ಷಿಣ' ಜಿಲ್ಲೆಯಲ್ಲಿ! ಸರ್ವೇ ಲ್ಯಾಬಿನಲ್ಲಿ ನಾವು ಹೀಗೆ ಬರೆದುಕೊಟ್ಟಿದ್ದರೆ ರೆಕಾರ್ಡ್ ವಾಪಸ್ ಬರ್ತಿತ್ತು.

ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ ಅಲ್ಲೇ ಬಾಳಿದ ಅಜ್ಜಿಯೊಬ್ಬರನ್ನು ನೆನೆಸಿಕೊಳ್ಳಿ. 1986ರವರೆಗೆ ಅವರದು ಬೆಂಗಳೂರು ಜಿಲ್ಲೆ. ಆಮೇಲೆ ಬೆಂಗಳೂರು ಗ್ರಾಮಾಂತರ. 2007ರಲ್ಲಿ ರಾಮನಗರ ಜಿಲ್ಲೆ ಆಯ್ತು. 2025ರ ಮೇ 22ರಂದು ಸಚಿವ ಸಂಪುಟ ಒಪ್ಪಿದ ಮೇಲೆ ಬೆಂಗಳೂರು ದಕ್ಷಿಣ. ಅಜ್ಜಿ ಮನೆ ಬದಲಿಸಲಿಲ್ಲ, ಜಿಲ್ಲೆ ಮಾತ್ರ ನಾಲ್ಕಾಯ್ತು. ಲೋಕಸಭೆಗೆ ಅವರು ವೋಟು ಹಾಕೋದು ಇವತ್ತಿಗೂ ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ. ಬೆಂಗಳೂರು ದಕ್ಷಿಣ ಕ್ಷೇತ್ರ ಅನ್ನೋದು ಜಯನಗರ, ಬಸವನಗುಡಿಯವರದು.

ಹೆಸರು ಬದಲಾಗೋದೇ ತಪ್ಪು ಅಂತ ನಾವು ಹೇಳ್ತಿಲ್ಲ. ರಾಮನಗರ ಅನ್ನೋ ಹೆಸರೇನೂ ಅನಾದಿಯಲ್ಲ. ಟಿಪ್ಪು ಕಾಲದಲ್ಲಿ ಅದು ಶಂಶೇರಾಬಾದ್. ಆಮೇಲೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ. ಸಿವಿಲ್‌ನವರಿಗೆ ಗೊತ್ತಿರಬೇಕು, ಸುಮಾರು 250 ಕೋಟಿ ವರ್ಷ ಹಳೆಯ ಅಲ್ಲಿನ ಬಂಡೆಗೆ ಭೂವಿಜ್ಞಾನದ ಪುಸ್ತಕದಲ್ಲಿ ಇನ್ನೂ 'ಕ್ಲೋಸ್‌ಪೇಟ್ ಗ್ರಾನೈಟ್' ಅಂತಲೇ ಹೆಸರು. ಪಾರಸಿ, ಇಂಗ್ಲಿಷ್, ಕನ್ನಡ, ಒಂದೇ ಊರಿಗೆ ಮೂರು ಬಗೆಯ ಹೆಸರು. ಆಳುವವರ ಇಷ್ಟದಂತೆ ಬಂದವೇ ಆದರೂ ಅವು ಆ ಊರಿಗೇ ಇಟ್ಟ ಹೆಸರುಗಳು. 'ದಕ್ಷಿಣ' ಹಾಗಲ್ಲ. ಬೆಂಗಳೂರಿನಲ್ಲಿ ನಿಂತು ಬೆರಳು ತೋರಿಸಿದ ಹಾಗೆ.

ಗಡಿಯ ಆಚೆ ನೋಡಿ. ಕನಕಪುರ ತಾಲೂಕಿನ ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರುತ್ತೆ. ಮೇಕೆದಾಟು ದಾಟಿ ಮುಂದೆ ಹೋದರೆ ಕಾವೇರಿಯೇ ತಮಿಳುನಾಡಿನ ಗಡಿ. ಆ ಕಡೆಯ ಹೊಸೂರು, ತಳಿ, ಡೆಂಕಣಿಕೋಟೆಯಲ್ಲಿ ಕನ್ನಡ, ತೆಲುಗು ಮನೆಮಾತಿನವರು ಬೇಕಾದಷ್ಟು ಜನ. ಅವರ ಜಿಲ್ಲೆಯೂ ಬದಲಾಗುತ್ತಲೇ ಬಂತು. ಮೊದಲು ಸೇಲಂ, 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ. ಎಲ್ಲವೂ ಆ ಸೀಮೆಯ ಊರಿನ ಹೆಸರೇ. 'ಚೆನ್ನೈ ಪಶ್ಚಿಮ' ಅಂತ ಯಾರೂ ಇಡಲಿಲ್ಲ.

ಈ ಬದಲಾವಣೆ ಬೇಕು ಅನ್ನುವವರ ವಾದದಲ್ಲೂ ಹುರುಳಿದೆ. ಇವು ಮೊದಲಿಂದ ಬೆಂಗಳೂರು ಜಿಲ್ಲೆಯ ತಾಲೂಕುಗಳೇ, ಹಳೇ ಹೆಸರು ಮರಳಿ ಬಂತು ಅಂತಾರೆ. ಒಪ್ಪೋಣ. 1638ರಲ್ಲಿ ಬೆಂಗಳೂರು ಬಿಜಾಪುರದವರ ಕೈಸೇರಿದ ಮೇಲೆ ಕೆಂಪೇಗೌಡರ ವಂಶ ಆಳಿದ್ದು ಮಾಗಡಿಯಿಂದ. ಮಾಗಡಿ ಬಿಟ್ಟು ಬೆಂಗಳೂರಿನ ಕಥೆ ಹೇಳೋಕಾಗಲ್ಲ. ಆದರೆ ಆ ಚರಿತ್ರೆ 'ದಕ್ಷಿಣ' ಅನ್ನೋ ಪದದಲ್ಲಿ ಎಲ್ಲಿದೆ?

ಅವರ ಇನ್ನೊಂದು ವಾದ, ಬೆಂಗಳೂರು ಅಂದರೆ ಕಂಪನಿ ಬರುತ್ತೆ, ಜಮೀನಿಗೆ ಬೆಲೆ ಬರುತ್ತೆ. ನಮಗೆ ದಿಗಿಲಾಗೋದು ಇಲ್ಲೇ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾಗಿದೆ. ಕನ್ನಡದ ರೈತ, ಉರ್ದು ಮಾತಾಡುವ ರೀಲರ್, ಗಡಿಯಾಚೆಯಿಂದ ಗೂಡು ತಂದ ತಮಿಳಿನವರು, ಎಲ್ಲರೂ ಅಲ್ಲಿ ಒಬ್ಬರ ಭಾಷೆಯಲ್ಲಿ ಇನ್ನೊಬ್ಬರು ವ್ಯವಹಾರ ಮಾಡ್ತಾರೆ. ಚನ್ನಪಟ್ಟಣದ ಗೊಂಬೆಯ ಅಂಗಡಿಬೀದಿಯಲ್ಲೂ ಕನ್ನಡ, ಉರ್ದು ಜೊತೆಜೊತೆಗೇ ನಡೆಯುತ್ತವೆ. ಎಕರೆ ಲೆಕ್ಕದ ಹಿಪ್ಪುನೇರಳೆ ತೋಟ ಸೈಟಿನ ಲೆಕ್ಕಕ್ಕೆ ಇಳಿದರೆ ಗೂಡು ಎಲ್ಲಿಂದ ಬರಬೇಕು? ಜಮೀನಿನ ಬೆಲೆ ಜಮೀನು ಮಾರುವವನಿಗೆ ಲಾಭ. ಉಳುವವನಿಗೆ ಏನು?

ಜಿಲ್ಲಾ ಕೇಂದ್ರ ರಾಮನಗರವೇ ಅಂತೆ. ಹಾಗಿದ್ದ ಮೇಲೆ ಜಿಲ್ಲೆಗೂ ಆ ಹೆಸರೇ ಇರಲಿ ಅನ್ನೋದು ನಮ್ಮ ಅಭಿಪ್ರಾಯ. ಈ ನಾಲ್ಕು ಊರುಗಳನ್ನು ಬೆಂಗಳೂರಿಗೆ ನಿಜವಾಗಿ ಹತ್ತಿರ ತರಬೇಕು ಅಂತಿದ್ದರೆ, ಮಾಗಡಿಗೂ ಕನಕಪುರಕ್ಕೂ ಇನ್ನೂ ರೈಲೇ ಇಲ್ಲ. ಅಲ್ಲಿಂದ ಶುರು ಮಾಡಬಹುದು.