ಫಾರ್ಮಿನ ಒಂದು ಪ್ರಶ್ನೆ

ಮಕ್ಕಳೇ, ನಮ್ಮೂರು ಮುಕ್ಕುಂದ ತುಂಗಭದ್ರೆಯ ದಂಡೆಯಲ್ಲಿದೆ. ಚಿಕ್ಕಂದಿನಲ್ಲಿ ನಾವು ಹೊಳೆಯಲ್ಲಿ ಮುಳುಗಿ ಪಂದ್ಯ ಕಟ್ಟುತ್ತಿದ್ದೆವು. ಹೆಚ್ಚು ಹೊತ್ತು ಉಸಿರು ಹಿಡಿದವನೇ ಗೆದ್ದಂತೆ. ಏಳನೇ ತರಗತಿಯ ನನ್ನ ಮೊಮ್ಮಗಳಿಗೆ ಹೊಳೆ ಸಾಲದು, ಸಮುದ್ರವೇ ಬೇಕು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ನೋಡಿದಾಗಿನಿಂದ, ‘ತಾತಾ, ನೇತ್ರಾಣಿಗೆ ಹೋಗೋಣ, ಸ್ಕೂಬಾ ಡೈವಿಂಗ್ ಮಾಡೋಣ’ ಎಂದು ಒಂದೇ ಹಟ.

ನೇತ್ರಾಣಿ ಎಂದರೆ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ, ಅರಬ್ಬೀ ಸಮುದ್ರದಲ್ಲಿರುವ ಪುಟ್ಟ ದ್ವೀಪ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಸುತ್ತಲಿನ ನೀರಿನಲ್ಲಿ ಹವಳ, ಬಣ್ಣಬಣ್ಣದ ಮೀನು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಡೈವಿಂಗ್ ಇರುವುದಿಲ್ಲ. ಹಾಗಾಗಿ ಡಿಸೆಂಬರಿಗೆ ಹೋಗುವುದೆಂದಾಯಿತು. ನಾನು ಹಾಳೆ ತೆಗೆದು ಲೆಕ್ಕ ಬರೆದೆ: ಸಿಂಧನೂರಿನಿಂದ ಹುಬ್ಬಳ್ಳಿ, ಅಲ್ಲಿಂದ ಮುರ್ಡೇಶ್ವರ, ಬಸ್ಸು, ವಸತಿ, ಊಟ, ದೋಣಿ. ಕೊನೆಗೆ ‘ತಾತ: ದಡದಲ್ಲಿ ಕುಳಿತು ಚಪ್ಪಲಿ ಕಾಯುವುದು’ ಎಂದೂ ಸೇರಿಸಿದೆ.

ಆಮೇಲೆ ಬಂತು ಆರೋಗ್ಯದ ಫಾರ್ಮು. ಒಂದು ಪ್ರಶ್ನೆ: ಆಸ್ತಮಾ ಇದೆಯೇ? ನನ್ನ ಕೈ ನಿಂತಿತು. ಹೋದ ಚಳಿಗಾಲದಲ್ಲೂ ಅವಳು ಇನ್‌ಹೇಲರ್ ಬಳಸಿದ್ದಳು.

‘ಇಲ್ಲ ಅಂತ ಬರಿ ತಾತಾ, ಯಾರಿಗೆ ಗೊತ್ತಾಗ್ತದ?’

ನಿಜ ಹೇಳುತ್ತೇನೆ, ಪೆನ್ನು ‘ಇಲ್ಲ’ದ ಕಡೆಗೇ ಹೊರಟಿತ್ತು. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ‘ಇದ್ದದ್ದು ಇದ್ದ ಹಾಗೆ ತುಂಬ್ರಿ’ ಎಂದು ಎಷ್ಟು ಜನರಿಗೆ ಹೇಳಿದವನು ನಾನು! ‘ಹೌದು’ ಎಂದು ಬರೆದೆ. ಹಾಗೆ ಬರೆದರೆ ವೈದ್ಯರ ಒಪ್ಪಿಗೆ ಬೇಕು. ಇಬ್ಬರೂ ಡಾಕ್ಟರ ಬಳಿ ಹೋದೆವು.

ಅವರು ಬಲೂನಿನ ಉದಾಹರಣೆ ಕೊಟ್ಟರು. ಸಿಲಿಂಡರಿನಲ್ಲಿ ಇರುವುದು ಬರೀ ಆಮ್ಲಜನಕವಲ್ಲ, ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಬಲೂನು ಊದಿ, ಬಾಯಿ ಕಟ್ಟಿ ಮೇಲೆ ತಂದರೆ ಒಳಗಿನ ಗಾಳಿ ಎರಡರಷ್ಟು ಹಿಗ್ಗುತ್ತದೆ; ಬಲೂನು ಒಡೆದೀತು. ಶ್ವಾಸಕೋಶದ ಕಥೆಯೂ ಅದೇ. ಅದಕ್ಕೇ ಸ್ಕೂಬಾದ ಮೊದಲ ನಿಯಮ: ಉಸಿರು ಹಿಡಿಯಬಾರದು, ಸದಾ ಉಸಿರಾಡುತ್ತಿರಬೇಕು. ನಮ್ಮ ಹೊಳೆಯ ಪಂದ್ಯಕ್ಕೆ ಪೂರ್ತಿ ಉಲ್ಟಾ! ಆಸ್ತಮಾದಿಂದ ಉಸಿರಿನ ಕೊಳವೆ ಕಿರಿದಾದರೆ, ನಾವು ಹಿಡಿಯದಿದ್ದರೂ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

‘ಈ ವರ್ಷ ಬೇಡ. ಮುಂದಿನ ವರ್ಷ ಪರೀಕ್ಷೆ ಮಾಡಿ ನೋಡೋಣ’ ಎಂದರು.

ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ನನಗೂ ಅನ್ನ ರುಚಿಸಲಿಲ್ಲ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳಿಗೆ ‘ಬೇಡ’ ಎನ್ನುವ ಕಷ್ಟ ನಿಮಗೂ ಗೊತ್ತಲ್ಲ?

ಮೂರನೇ ದಿನ ನನ್ನ ಲೆಕ್ಕದ ಹಾಳೆ ಮೇಜಿನ ಮೇಲಿತ್ತು. ‘ಡಿಸೆಂಬರ್’ ಹೊಡೆದುಹಾಕಿ ‘ಮುಂದಿನ ಡಿಸೆಂಬರ್, ಡಾಕ್ಟರು ಹೂಂ ಅಂದರೆ’ ಎಂದು ಬರೆದಿದ್ದಳು. ಚಪ್ಪಲಿ ಕಾಯುವ ಸಾಲು ಮಾತ್ರ ಹಾಗೆಯೇ ಇತ್ತು.