ಹಳೆಯ ಜೀಪಿಗೆ ಹೊಸ ಬ್ರೇಕು

ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಜೀಪಿನ ಬ್ರೇಕನ್ನು ಕುರಿತು ಬರೆಯಹೊರಟರೆ ಗೆಳೆಯರು ನಗುವುದು ಸಹಜವೇ. “ಇತಿಹಾಸ ಓದುವವನಿಗೆ ಗ್ಯಾರೇಜಿನ ಉಸಾಬರಿ ಏಕೆ?” ಎಂದು ಕೇಳಲೂಬಹುದು. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತಿಸಿದ್ದು ಅಪ್ಪನ ದುಡಿಮೆ ಮತ್ತು ಚನ್ನಗಿರಿ ಸೀಮೆಯ ತೋಟಗಳಿಂದ ಅಡಿಕೆ ಹೊತ್ತು ತರುವ ಒಂದು ಹಳೆಯ ಜೀಪು. ಆದುದರಿಂದ ಈ ಉಸಾಬರಿ ನನ್ನದೇ ಆಗಿದೆ.

ಕಳೆದ ವರ್ಷದ ಕೊಯ್ಲಿನ ಕಾಲ. ರಾತ್ರಿಯೆಲ್ಲ ಮಳೆ ಸುರಿದು ತೋಟದ ದಾರಿಯ ಹಳ್ಳ ಮೊಣಕಾಲೆತ್ತರ ಹರಿಯುತ್ತಿತ್ತು. ಹಸಿ ಗೊನೆಗಳನ್ನು ಹೇರಿದ್ದ ಜೀಪು ನಾಲ್ಕು ಗಾಲಿಗಳ ಬಲದಿಂದ ಹಳ್ಳವನ್ನು ಸಲೀಸಾಗಿ ದಾಟಿತು. ಆಚೆಯ ಇಳಿಜಾರಿನಲ್ಲಿ ಅಪ್ಪ ಬ್ರೇಕು ತುಳಿದರು, ಜೀಪು ನಿಲ್ಲಲಿಲ್ಲ. ಮತ್ತೆ ತುಳಿದರು, ಆಗಲೂ ಇಲ್ಲ. ಕೆಳಗೆ ರಸ್ತೆಯ ಅಂಚಿನಲ್ಲಿ ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಿದ್ದರು. ಅಪ್ಪ ಗೇರು ಇಳಿಸಿ, ಎಡಕ್ಕೆ ತಿರುಗಿಸಿ, ಹೊಲದ ಬದುವಿಗೆ ಮೂತಿ ಕೊಟ್ಟು ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಅಪ್ಪ ಮಾತನಾಡಲಿಲ್ಲ, ಸ್ಟಿಯರಿಂಗಿನ ಮೇಲಿದ್ದ ಅವರ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

ಹೀಗೇಕಾಯಿತು? ಹಳೆಯ ಜೀಪುಗಳದು ಡ್ರಮ್ ಬ್ರೇಕು. ಗಾಲಿಯೊಡನೆ ತಿರುಗುವ ಕಬ್ಬಿಣದ ಡ್ರಮ್ಮಿನ ಒಳಗೆ ಎರಡು ಬ್ರೇಕ್ ಶೂಗಳು. ಪೆಡಲ್ ತುಳಿದಾಗ ಅವು ಅಗಲವಾಗಿ ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ಹಳ್ಳದಲ್ಲಿ ಒಳಹೊಕ್ಕ ನೀರು ಬೇಗ ಹೊರಬೀಳದು. ಒದ್ದೆಯಾದ ಲೈನಿಂಗು ಹಿಡಿಯದೆ ಜಾರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಒಂದೇ ಸಮನೆ ತುಳಿದರೆ ಇನ್ನೊಂದು ಸಂಕಟ: ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಆಳಕ್ಕೆ ಇಳಿಯುತ್ತದೆ. ನಾಲ್ಕು ಗಾಲಿಗಳೂ ಎಳೆಯುವ ಗಾಡಿ ಬೇಗ ನಿಲ್ಲುತ್ತದೆಂಬ ಭ್ರಮೆ ನಮ್ಮಲ್ಲಿ ಅನೇಕರಿಗಿದೆ. ಅದು ಕೆಸರಿನಿಂದ ಮೇಲೇಳಲು ಬಂದ ಶಕ್ತಿಯೇ ಹೊರತು ಅಡ್ಡ ಬಂದ ಮಗುವಿನ ಮುಂದೆ ನಿಲ್ಲುವ ಶಕ್ತಿಯಲ್ಲ.

ಡಿಸ್ಕ್ ಬ್ರೇಕಿನ ರೀತಿ ಬೇರೆ. ಗಾಲಿಯೊಡನೆ ಬಯಲಿನಲ್ಲಿ ತಿರುಗುವ ತಟ್ಟೆಯನ್ನು ಕ್ಯಾಲಿಪರ್ ಎಂಬ ಇಕ್ಕಳ ಎರಡು ಪ್ಯಾಡುಗಳಿಂದ ಹಿಡಿಯುತ್ತದೆ. ತಿರುಗುವ ತಟ್ಟೆ ನೀರನ್ನು ಕೊಡವಿಕೊಳ್ಳುತ್ತದೆ, ಗಾಳಿಗೆ ಬೇಗ ಆರುತ್ತದೆ. 1953ರ ಲೆ ಮಾನ್ಸ್ ಪಂದ್ಯದಲ್ಲಿ ಜಾಗ್ವಾರ್ ಕಾರು ಗೆದ್ದಾಗ ಈ ಬ್ರೇಕಿನ ಹಿರಿಮೆ ಲೋಕಕ್ಕೆ ತಿಳಿಯಿತು. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿಯು ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದಾಗ ಬಂದದ್ದು ಮಾತ್ರ ಡ್ರಮ್ಮೇ.

ಹಾಗಾದರೆ ಎಲ್ಲ ಹಳೆಯ ಜೀಪುಗಳಿಗೂ ಡಿಸ್ಕ್ ಹಾಕಿಸಿಬಿಡೋಣವೇ? ನಾನೂ ಮೊದಲು ಹಾಗೆಯೇ ಹಟ ಹಿಡಿದೆ. ಆದರೆ ನಮ್ಮ ಜಿಲ್ಲೆಯೆಲ್ಲ ಒಂದೇ ಸೀಮೆಯಲ್ಲ. ಚನ್ನಗಿರಿಯ ತೋಟಗಳಲ್ಲಿ, ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ನೆರೆಯ ನ್ಯಾಮತಿಯಲ್ಲಿ ಮಳೆಗಾಲದ ಶತ್ರು ನೀರು. ಅಲ್ಲಿ ಡಿಸ್ಕ್ ನಿಜವಾಗಿಯೂ ಉಪಕಾರಿ. ಜಗಳೂರಿನ ಒಣಭೂಮಿಯಲ್ಲಿ ಶತ್ರು ಧೂಳು. ಬಯಲಿಗೆ ತೆರೆದ ಪ್ಯಾಡನ್ನು ಮರಳು ಸವೆಸದೆ ಬಿಡದು. ಅಲ್ಲಿ ಆಗಾಗ ಬಿಚ್ಚಿ ಒರೆಸಿದ ಡ್ರಮ್ಮೇ ಸಾಕಾಗಬಹುದು.

ಅದಕ್ಕೂ ಮಿಗಿಲಾದ ಮಾತೆಂದರೆ, ಬದಲಾಯಿಸುವುದು ಬರಿಯ ತಟ್ಟೆಯನ್ನಲ್ಲ. ತಿರುಗುವ ಡ್ರಮ್ಮು ತಾನೇ ಶೂವನ್ನು ಎಳೆದುಕೊಂಡು ಹಿಡಿತವನ್ನು ಹೆಚ್ಚಿಸುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಹೆಚ್ಚು ಒತ್ತಡ ಬೇಕು. ಆದುದರಿಂದ ಬೂಸ್ಟರ್ ಬೇಕು. ಬೂಸ್ಟರಿಗೆ ವ್ಯಾಕ್ಯೂಮ್ ಬೇಕು; ಡೀಸೆಲ್ ಎಂಜಿನ್ನಾದರೆ ಅದಕ್ಕೆ ಪ್ರತ್ಯೇಕ ಪಂಪೇ ಬೇಕು. ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತದೆ. ಅದನ್ನೇ ಉಳಿಸಿದರೆ ಪ್ಯಾಡುಗಳು ಸದಾ ಉಜ್ಜಿ ಕಾಯುತ್ತವೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇಟ್ಟು ಹದ ತಪ್ಪಿದರೆ ಹಿಂಗಾಲಿ ಮೊದಲೇ ಬಿಗಿದು ಗಾಡಿ ಅಡ್ಡ ತಿರುಗೀತು. ಕ್ಯಾಲಿಪರ್ ಹಿಡಿದಿರುವ ಬ್ರಾಕೆಟ್ಟನ್ನು ಕಂಡ ಕಂಡಲ್ಲಿ ವೆಲ್ಡಿಂಗ್ ಮಾಡಿಸಿದರಂತೂ, ಪ್ರಾಣವನ್ನು ಆ ಬೆಸುಗೆಗೆ ಒತ್ತೆಯಿಟ್ಟಂತೆಯೇ ಸರಿ.

ನಮ್ಮ ಜೀಪು ನೋಡುವ ಹಿರಿಯ ಮೆಕ್ಯಾನಿಕರು ಹೇಳಿದ್ದು ಇಷ್ಟೆ: “ತಮ್ಮಾ, ಮಾಡಿದರೆ ಪೂರ್ತಿ ಮಾಡಬೇಕು. ಅರ್ಧ ಮಾಡೋದಾದರೆ ಮುಟ್ಟಲೇಬಾರದು.”

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ, ನೋಂದಣಿಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. 2021ರಲ್ಲಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಬಂದಿತು. ಅದು ಪ್ರದರ್ಶನದ ಗಾಡಿಗಳಿಗೆ, ನಿತ್ಯ ದುಡಿಯುವ ಗಾಡಿಗಲ್ಲ. ಅಂದವಾಗಿ ನಿಲ್ಲುವ ಹಳೆಯ ಗಾಡಿಗೆ ಗೌರವದ ಸ್ಥಾನವೊಂದು ದೊರೆಯಿತು. ಬೆವರು ಹರಿಸಿ ದುಡಿಯುವ ಹಳೆಯ ಗಾಡಿಯನ್ನು ಸುರಕ್ಷಿತವಾಗಿ ಮಾಡಿಕೊಳ್ಳಲು ರೈತನಿಗೆ ತಿಳಿಯುವ ಸರಳವಾದ ದಾರಿಯೊಂದು ಬೇಡವೇ? ಇಂಥ ಜೀಪಿಗೆ ಇಂಥ ಭಾಗಗಳನ್ನು ಹೀಗೆ ಜೋಡಿಸಬಹುದು ಎಂದು ಪರೀಕ್ಷಿಸಿ ಹೇಳುವ ಕೆಲಸವನ್ನು ನಮ್ಮ ಪಾಲಿಟೆಕ್ನಿಕ್ಕುಗಳೂ ಸಾರಿಗೆ ಇಲಾಖೆಯೂ ಕೂಡಿ ಮಾಡಬಾರದೇಕೆ? ಅಲ್ಲಿಯವರೆಗೆ, ಕೈ ಹಾಕುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿ ಲಿಖಿತ ಒಪ್ಪಿಗೆ ಪಡೆಯುವುದೇ ವಿವೇಕ.

ನಮ್ಮ ಮನೆಯಲ್ಲಿ ಪ್ರಶ್ನೆ ಬೇರೆಯೇ ರೂಪ ತಾಳಿತು. ಕೊಯ್ಲಿನ ಹಣದಲ್ಲಿ ನನ್ನ ಎಂ.ಎ. ಶುಲ್ಕಕ್ಕೆಂದು ಅವ್ವ ತೆಗೆದಿಟ್ಟ ಗಂಟೊಂದಿತ್ತು. “ಅದನ್ನು ಬ್ರೇಕಿಗೇ ಹಾಕೋಣಪ್ಪಾ” ಎಂದೆ. ಅಪ್ಪ, “ನೀನು ಓದು, ನಾನು ನೋಡಿಕೊಂಡು ಓಡಿಸ್ತೀನಿ” ಎಂದರು. ನೋಡಿಕೊಂಡು ಓಡಿಸುವವರೇ ಅಂದು ಬದುವಿಗೆ ಗುದ್ದಿದ್ದರಲ್ಲವೇ! ಮೂರು ದಿನದ ವಾದದ ಬಳಿಕ ರಾಜಿಯಾಯಿತು. ಗಂಟಿನ ಒಂದು ಪಾಲಿನಲ್ಲಿ ನಾಲ್ಕು ಗಾಲಿಗೂ ಹೊಸ ಲೈನಿಂಗು, ವೀಲ್ ಸಿಲಿಂಡರು, ಪೈಪುಗಳು ಬಂದವು. ಬ್ರೇಕ್ ಆಯಿಲ್ ಪೂರ್ತಿ ಬದಲಾಯಿತು. ಈಗ ಹಳ್ಳ ದಾಟಿದೊಡನೆ ಅಪ್ಪ ನಿಧಾನವಾಗಿ ಓಡಿಸುತ್ತ ಪೆಡಲನ್ನು ಮೆಲ್ಲಗೆ ಒತ್ತಿ ಲೈನಿಂಗನ್ನು ಒಣಗಿಸಿಕೊಳ್ಳುತ್ತಾರೆ. ಇಳಿಜಾರಿಗೆ ಮೊದಲೇ ಗೇರು ಇಳಿಸುತ್ತಾರೆ. ಡಿಸ್ಕಿನ ಆಸೆಯನ್ನು ನಾನು ಬಿಟ್ಟಿಲ್ಲ. ಒಪ್ಪಿಗೆ ದೊರೆತು, ಪೂರ್ತಿ ಮಾಡಿಸುವ ಶಕ್ತಿ ಬಂದ ದಿನ ಮುಂದಿನ ಗಾಲಿಗಳಿಗೆ ಹಾಕಿಸಿಯೇ ತೀರುತ್ತೇನೆ.

ಗೆಳೆಯರೆ, ನಿಮ್ಮಲ್ಲಿಯೂ ಅನೇಕರ ಮನೆಯಂಗಳದಲ್ಲಿ ಇಂಥ ಹಳೆಯ ಗಾಡಿ ನಿಂತಿದ್ದೀತು. ಹೊಸ ಬಣ್ಣ, ಅಗಲದ ಟೈರು, ಸಾಲು ದೀಪಗಳಿಗೆ ಹಣ ಸುರಿಯುವ ಮೊದಲು ಒಮ್ಮೆ ಗಾಲಿ ಬಿಚ್ಚಿಸಿ ಒಳಗೆ ನೋಡಿ. ಮೂಗುದಾರವಿಲ್ಲದ ಎತ್ತನ್ನು ನಮ್ಮ ಅಜ್ಜಂದಿರು ಗಾಡಿಗೆ ಕಟ್ಟುತ್ತಿರಲಿಲ್ಲ. ಆ ವಿವೇಕ ಪದವಿ ಪಡೆಯುವ ನಮಗೂ ಇರಲಿ.