ಮರ ಏರುವವನ ವಿಮೆಯನ್ನು ಯಾರು ಕೇಳಿದ್ದಾರೆ?

ಏಪ್ರಿಲ್ ಬಂತೆಂದರೆ ಮಲೇಷ್ಯಾದಲ್ಲಿರುವ ಕನ್ನಡಿಗರ ಫೋನಿಗೆ ಊರಿನಿಂದ ಒಂದು ಬಗೆಯ ಫೋಟೊಗಳು ಬರಲು ಶುರುವಾಗುತ್ತವೆ. ಹಂಚಿನ ಮಾಡಿನ ಮೇಲೆ ಬಾಗಿದ ಹಲಸಿನ ಮರ, ಟೆರೇಸಿಗೆ ತಾಗಿದ ಮಾವಿನ ಕೊಂಬೆ, ಗಾಳಿಗೆ ತೂಗಾಡುವ ತೆಂಗು. ಕೆಳಗೊಂದು ಸಾಲು: ‘ಮಳೆಗಾಲಕ್ಕೆ ಮುಂಚೆ ತೆಗೆಸಿಬಿಡೋಣವಾ? ಇಷ್ಟು ಕೇಳ್ತಿದ್ದಾರೆ.’ ನಾವು ಇಲ್ಲಿಂದ ಹಣ ಕಳುಹಿಸುತ್ತೇವೆ. ಎರಡು ದಿನದಲ್ಲಿ ಖಾಲಿ ಅಂಗಳದ ಫೋಟೊ ಬರುತ್ತದೆ. ಅಲ್ಲಿಗೆ ವ್ಯವಹಾರ ಮುಗಿಯಿತು.

ಲೆಕ್ಕಪತ್ರ ನೋಡುವುದು ನನ್ನ ಕಸುಬು. ಈ ವ್ಯವಹಾರದ ಖರ್ಚಿನ ಪಟ್ಟಿಗೆ ಸೇರದೆ ಉಳಿಯುವ ಬಾಬ್ತು ಒಂದಿದೆ. ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ನಿಂತು ಗರಗಸದ ಮಿಷನ್ ಹಿಡಿಯುವ ಮನುಷ್ಯನ ಜೀವ. ನಾವು ಹೊರದೇಶದಲ್ಲಿ ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ವಿಮೆಯನ್ನೂ ಕೇಳುತ್ತೇವೆ. 2019ರ ಜನವರಿಯಿಂದ ಮಲೇಷ್ಯಾ ಸರ್ಕಾರ ವಿದೇಶಿ ಕೆಲಸಗಾರರನ್ನೂ ಸೊಕ್ಸೊ ಎಂಬ ಸಾಮಾಜಿಕ ಭದ್ರತೆಯ ವ್ಯವಸ್ಥೆಗೆ ಸೇರಿಸಿ, ಕೆಲಸದಲ್ಲಿ ಗಾಯವಾದರೆ ಪರಿಹಾರ ಸಿಗುವಂತೆ ಮಾಡಿತು. ಅದರ ಬೆಲೆ ಏನೆಂದು ಮಗನನ್ನೋ ಗಂಡನನ್ನೋ ಕಡಲಾಚೆ ಕಳುಹಿಸಿದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿನ ಅಂಗಳದಲ್ಲಿ ಮಾತ್ರ ಮಾಲೀಕರು ನಾವೇ. ಅಲ್ಲಿ ನಾವು ಕೇಳುವುದು ಒಂದೇ ಪ್ರಶ್ನೆ, ‘ಕಡಿಮೆಗೆ ಆಗುತ್ತದಾ?’

ಮೊದಲಿಗೆ, ಆ ಮರ ಹೋಗಲೇಬೇಕೇ? 2024ರ ಮೇ 7ರಂದು ಕೌಲಾಲಂಪುರದ ಜಲಾನ್ ಸುಲ್ತಾನ್ ಇಸ್ಮಾಯಿಲ್ ರಸ್ತೆಯಲ್ಲಿ ಹಳೆಯ ದೊಡ್ಡ ಮರವೊಂದು ಉರುಳಿ ಒಬ್ಬರು ಸತ್ತರು. ಹದಿನೇಳು ವಾಹನಗಳು ಜಖಂಗೊಂಡವು, ಮೊನೊರೈಲು ನಿಂತಿತು. ಅದಾದ ಮೇಲೆ ಇಲ್ಲಿ ಕೆಲವು ದಿನ ಎಲ್ಲರಿಗೂ ಎಲ್ಲ ಮರಗಳೂ ಶತ್ರುಗಳಂತೆ ಕಂಡವು. ರಸ್ತೆ ಬದಿಯ ಅಂಗ್ಸಾನ ಮರಗಳನ್ನು (ಇವು ನಮ್ಮ ಹೊನ್ನೆ ಮರದ ದಾಯಾದಿಗಳು) ಬುಡಕ್ಕೇ ಕಡಿಯಿರಿ ಎಂದವರಿದ್ದರು. ಭಯ ಸಹಜ. ಆದರೆ ಎತ್ತರವಾಗಿದೆ ಎಂಬ ಮಾತ್ರಕ್ಕೆ ಮರ ಅಪಾಯಕಾರಿಯಲ್ಲ, ಬಾಗಿದ್ದೆಲ್ಲ ಬೀಳುವುದೂ ಇಲ್ಲ. ಚಿಕ್ಕಂದಿನಿಂದ ಬಾಗಿಕೊಂಡೇ ಬೆಳೆದ ತೆಂಗು ತನ್ನ ಭಾರ ಹೊರುವುದನ್ನು ಕಲಿತಿರುತ್ತದೆ. ಹೆದರಬೇಕಾದದ್ದು ಹೊಸದಾಗಿ ಬಾಗಿದ ಮರಕ್ಕೆ, ಬಾಗಿದ ದಿಕ್ಕಿನ ಹಿಂಬದಿಯಲ್ಲಿ ಮಣ್ಣು ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ. ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿರುವ ಸಾಧ್ಯತೆ ಹೆಚ್ಚು. ಕಾಂಪೌಂಡ್ ಕಟ್ಟಲು, ಪೈಪು ಹಾಕಲು, ರಸ್ತೆ ಅಗಲ ಮಾಡಲು ಒಂದು ಬದಿಯ ಬೇರು ಕಡಿದಿದ್ದರೆ ಆ ಮರದ ಮೇಲೆ ಎರಡು ಮೂರು ಮಳೆಗಾಲ ಕಣ್ಣಿಡಬೇಕು.

ಬಹಳ ಕಡೆ ಒಣಗಿದ ಕೊಂಬೆ, ಮಾಡಿನ ಮೇಲೆ ಚಾಚಿದ ಕೊಂಬೆ ತೆಗೆಸಿದರೆ ಸಾಕಾಗುತ್ತದೆ. ಆದರೆ ತಲೆ ಬೋಳಿಸುವ ಪದ್ಧತಿ ಇದೆಯಲ್ಲ, ಅದಕ್ಕೆ ನನ್ನ ವಿರೋಧವಿದೆ. ತುದಿಯನ್ನು ಪೂರ್ತಿ ಹಾರಿಸಿದ ಮರ ಗಾಬರಿಬಿದ್ದಂತೆ ಒತ್ತೊತ್ತಾಗಿ ಚಿಗುರುತ್ತದೆ. ಆ ಚಿಗುರುಗಳು ಮೇಲ್ಮೈಗೆ ಮಾತ್ರ ಅಂಟಿಕೊಂಡು ಕೊಂಬೆಗಳಾಗುತ್ತವೆ, ಕಡಿದ ಜಾಗದಿಂದ ಕೊಳೆ ಒಳಗಿಳಿಯುತ್ತದೆ. ನಾಲ್ಕೈದು ವರ್ಷದಲ್ಲಿ ಮೊದಲಿಗಿಂತ ದುರ್ಬಲವಾದ ಮರ ಅದೇ ಮಾಡಿನ ಮೇಲೆ ನಿಂತಿರುತ್ತದೆ.

ಇನ್ನು ಕಾನೂನು. ಎರಡೂ ಕಡೆಯ ಕಾಯ್ದೆಗಳು ಒಂದೇ ವರ್ಷದವು ಎಂಬುದು ತಮಾಷೆಯ ಸಂಗತಿ. ಮಲೇಷ್ಯಾದ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ 1976ರದ್ದು, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ 1976ರದ್ದು. ಇಲ್ಲಿನ ಕಾಯ್ದೆಗೆ ಆಮೇಲೆ ಸೇರಿಸಿದ ನಿಯಮದಂತೆ, ಸುತ್ತಳತೆ 0.8 ಮೀಟರಿಗಿಂತ ಹೆಚ್ಚಿರುವ ಮರವನ್ನು ಸ್ಥಳೀಯ ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಎಂಬತ್ತು ಸೆಂಟಿಮೀಟರ್ ಎಂದರೆ ಹಿತ್ತಲಿನ ಸಾಧಾರಣ ಮಾವಿನ ಮರವೂ ಆ ಲೆಕ್ಕಕ್ಕೆ ಬಂದುಬಿಡುತ್ತದೆ. ಕೌಲಾಲಂಪುರಕ್ಕೆ ಯೋಜನಾ ಕಾಯ್ದೆ ಬೇರೆ, ಅಲ್ಲಿ ಡಿಬಿಕೆಎಲ್ ಅನ್ನೇ ಕೇಳಬೇಕು. ಸತ್ತ, ರೋಗ ಹಿಡಿದ, ಈಗಲೋ ಆಗಲೋ ಬೀಳುವ ಮರಕ್ಕೆ ವಿನಾಯಿತಿ ಉಂಟು. ಆದರೂ ಕಡಿಯುವ ಮೊದಲೇ ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಿಡಿ. ಮರ ಹೋದ ಮೇಲೆ ಸಾಕ್ಷಿಯೂ ಹೋಗಿರುತ್ತದೆ. ನಮ್ಮಲ್ಲಿ ಬಹುಪಾಲು ಜನ ಇಲ್ಲಿ ಬಾಡಿಗೆದಾರರು. ಅನುಮತಿ ತರಬೇಕಾದದ್ದು ಮನೆ ಮಾಲೀಕರು. ಅವರಿಗೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗದೆ ಬರೆದು ತಿಳಿಸಿ.

ಊರಿನಲ್ಲಿ ತೆಂಗು, ರಬ್ಬರ್, ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರಗಳಿಗೆ ಈ ಕಾಯ್ದೆಯ ಅನುಮತಿ ಬೇಡ. ಉಳಿದ ಬಹಳಷ್ಟು ಮರಗಳಿಗೆ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಬೇಕು. ಗಂಧ, ಬೀಟೆ, ತೇಗದ ಮಾತು ಬಂದರಂತೂ ವಲಯ ಅರಣ್ಯ ಕಚೇರಿಗೆ ಹೋಗದೆ ಕತ್ತಿ ಮುಟ್ಟಬೇಡಿ. ‘ನಮ್ಮ ಜಾಗದ ಮರ, ಯಾರು ಕೇಳುತ್ತಾರೆ’ ಎಂದು ಗುತ್ತಿಗೆಯವರು ಹೇಳಿಯಾರು. ಕೇಳಲು ಬಂದ ದಿನ ಉತ್ತರ ಕೊಡಬೇಕಾದವರು ಮನೆಯಲ್ಲಿರುವ ಎಪ್ಪತ್ತು ದಾಟಿದ ಅಪ್ಪ ಅಮ್ಮ.

ಕೆಲಸ ಹೇಗೆ ನಡೆಯಬೇಕು ಎಂಬುದನ್ನು ಸುಬಾಂಗ್ ಜಯದಲ್ಲಿ ನಮ್ಮ ಹಿಂದಿನ ಸಾಲಿನ ಮನೆಯಲ್ಲಿ ಅರ್ಧ ದಿನ ನಿಂತು ನೋಡಿದ್ದೇನೆ. ಹಳೆಯ ಮಾವಿನ ಮರ, ಗೋಡೆಗೂ ಅದಕ್ಕೂ ನಾಲ್ಕಡಿ ಅಂತರ. ಹಿಂಬದಿಯ ಓಣಿಗೆ ಕ್ರೇನ್ ನುಗ್ಗುವಂತಿರಲಿಲ್ಲ. ಏರಿದವನ ಸೊಂಟಕ್ಕೆ ಎರಡು ಹಗ್ಗ, ಒಂದನ್ನು ಬಿಚ್ಚಿ ಮೇಲೆ ಹಾಕುವಾಗ ಇನ್ನೊಂದು ಬಿಗಿಯಾಗಿಯೇ ಇರುತ್ತಿತ್ತು. ಪ್ರತಿ ಕೊಂಬೆಗೂ ಮೊದಲು ಹಗ್ಗ ಕಟ್ಟಿ, ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದು ನಿಧಾನಕ್ಕೆ ಇಳಿಸಿದರು. ಕೆಳಗಿನ ಕೊಯ್ತ ಇಲ್ಲದಿದ್ದರೆ ಕೊಂಬೆ ಸಿಗಿದು ತೊಗಟೆ ಸಮೇತ ಜೋತುಬೀಳುತ್ತದೆ. ಎಲ್ಲಿಗೆ ಬೀಸುತ್ತದೆಂದು ಹೇಳಲಾಗದು. ಕೊಂಬೆಗಳು ಮುಗಿದ ಮೇಲೆ ಬೊಡ್ಡೆಯನ್ನೂ ಮೇಲಿನಿಂದ ಎರಡೆರಡು ಅಡಿ ತುಂಡು ಮಾಡುತ್ತ ಬಂದರು. ಒಬ್ಬನ ಕೆಲಸ ನೆಲದ ಮೇಲೆ ನಿಂತು ಮೇಲೆ ನೋಡುವುದು, ಯಾರನ್ನೂ ಹತ್ತಿರ ಬಿಡದಿರುವುದು, ಅಷ್ಟೇ. ಪಕ್ಕದ ಮನೆಯ ಚೀನಿ ಅಂಕಲ್ ‘ಇವನಿಗೂ ಸಂಬಳವಾ?’ ಎಂದು ನಕ್ಕರು. ನನ್ನ ಪ್ರಕಾರ ಆ ಸಂಬಳವೇ ಎಲ್ಲಕ್ಕಿಂತ ಸಾರ್ಥಕ.

ಮನೆಗೆ ಅಂಟಿದ ಮರವನ್ನು ಬುಡದಲ್ಲಿ ಕೊಯ್ದು, ಹಗ್ಗ ಕಟ್ಟಿ ಹತ್ತು ಜನ ಎಳೆದು ಬೀಳಿಸುವ ಸಾಹಸ ಬೇಡ. ಬಿಡಿಸಿಟ್ಟಂತೆ ಬೀಳಿಸಲು ಮರದ ಎತ್ತರಕ್ಕಿಂತ ಹೆಚ್ಚು ಖಾಲಿ ಜಾಗ ಬೇಕು. ನಮ್ಮ ಅಂಗಳಗಳಲ್ಲಿ ಅಷ್ಟು ಜಾಗ ಎಲ್ಲಿದೆ? ಏಣಿಯ ಮೇಲೆ ನಿಂತು ಮಿಷನ್ ಓಡಿಸುವುದಂತೂ ಸಾವಿಗೆ ಕೊಟ್ಟ ಆಹ್ವಾನ. ಹತ್ತಿರದಲ್ಲಿ ಕರೆಂಟಿನ ತಂತಿ ಇದ್ದರೆ ಲೈನ್ ಆಫ್ ಮಾಡಿಸದೆ ಯಾರೂ ಏರಬಾರದು. ಮನೆಯ ಮೇನ್ ಸ್ವಿಚ್ ತೆಗೆದರೆ ಕಂಬದಿಂದ ಬರುವ ಸರ್ವಿಸ್ ವೈರಿನಲ್ಲಿ ಕರೆಂಟು ಹೋಗುವುದಿಲ್ಲ, ಇದು ಬಹಳ ಜನರಿಗೆ ತಿಳಿದಿಲ್ಲ. ಕರ್ನಾಟಕದಲ್ಲಿ 1912, ಇಲ್ಲಿ ಟಿಎನ್‌ಬಿಯ 15454. ಮುಂಚಿತವಾಗಿ ತಿಳಿಸಿ, ಲೈನ್‌ಮನ್ ಬಂದ ಮೇಲೆಯೇ ಕೆಲಸ ಶುರುವಾಗಲಿ.

ಈಗ ನನ್ನ ಕಸುಬಿಗೆ ಬರುತ್ತೇನೆ. ‘ಕೂಲಿ ಬೇಡ, ಮರ ನಮಗೆ ಕೊಡಿ’ ಎಂಬ ಒಪ್ಪಂದ ಊರಿನಲ್ಲಿ ಬಹಳ. ಕೇಳಲು ಲಾಭದಂತೆ ಕಾಣುತ್ತದೆ. ಯೋಚಿಸಿ ನೋಡಿ. ಹಲಸಿನ ದಿಮ್ಮಿ ಉದ್ದವಿದ್ದಷ್ಟೂ ಅವರಿಗೆ ಬೆಲೆ. ತುಂಡು ತುಂಡಾಗಿ ಇಳಿದಷ್ಟೂ ನಿಮ್ಮ ಮನೆಗೆ ಕ್ಷೇಮ. ಎರಡೂ ಒಟ್ಟಿಗೆ ಆಗುವುದಿಲ್ಲ. ಮರವನ್ನು ಇಡಿಯಾಗಿ ಬೀಳಿಸುವ ಆಸೆಯನ್ನು ಒಪ್ಪಂದದಲ್ಲಿ ನಾವೇ ಬರೆದುಕೊಟ್ಟಂತಾಗುತ್ತದೆ. ಕಡಿಯುವ ಕೂಲಿಯನ್ನು ಪ್ರತ್ಯೇಕವಾಗಿ ಹಣದಲ್ಲಿ ಕೊಡಿ, ಮರವನ್ನು ಬೇರೆಯೇ ಮಾರಿ. ಸಾಗಿಸಲು ಪರವಾನಗಿ ಬೇಕೇ ಎಂದು ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ.

ವಿಮೆಯ ಮಾತೂ ಅಷ್ಟೇ ಸರಳ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ವರ್ಷಕ್ಕೆ 20 ರೂಪಾಯಿ, ಇಲ್ಲಿನ ಲೆಕ್ಕದಲ್ಲಿ ಸುಮಾರು ಒಂದು ರಿಂಗಿಟ್. ಹದಿನೆಂಟರಿಂದ ಎಪ್ಪತ್ತು ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರೂ ಸೇರಬಹುದು. ಅಪಘಾತದಲ್ಲಿ ಜೀವ ಹೋದರೆ ಎರಡು ಲಕ್ಷ ರೂಪಾಯಿ. ತೆಂಗು ಏರುವವರಿಗಾಗಿಯೇ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಯೋಜನೆ ಇದೆ. ಎರಡು ಲಕ್ಷ ಒಂದು ಕುಟುಂಬಕ್ಕೆ ಸಾಲುವುದಿಲ್ಲ, ಒಪ್ಪುತ್ತೇನೆ. ಗುತ್ತಿಗೆದಾರ ತನ್ನ ತಂಡಕ್ಕೆ ಅಪಘಾತ ವಿಮೆ ಮಾಡಿಸಿದ್ದರೆ ಅಂಥವರಿಗೆ ನಾಲ್ಕು ಸಾವಿರ ಹೆಚ್ಚು ಕೊಟ್ಟು ಕರೆಸಿ. ಆ ಹೆಚ್ಚಿನ ಹಣವನ್ನು ದುಬಾರಿ ಎನ್ನುವವರಿಗೆ, ನಿಮ್ಮ ಮಗನ ಕಂಪನಿ ಹೀಗೆಯೇ ಲೆಕ್ಕ ಹಾಕಿದ್ದರೆ ಒಪ್ಪುತ್ತಿದ್ದಿರಾ ಎಂದು ಕೇಳಬೇಕೆನಿಸುತ್ತದೆ.

ಮರ ಪಕ್ಕದವರದ್ದಾಗಿದ್ದು, ಅವರು ಕಿವಿಗೊಡದಿದ್ದರೆ ಜಗಳ ಬೇಡ, ರಾತ್ರೋರಾತ್ರಿ ಬುಡಕ್ಕೆ ಆಸಿಡ್ ಸುರಿಯುವ ಉಪಾಯವಂತೂ ಬೇಡವೇ ಬೇಡ. ಒಣಗಿದ ಮರ ಹಸಿ ಮರಕ್ಕಿಂತ ಬೇಗ ಬೀಳುತ್ತದೆ, ಅದೂ ನಿಮ್ಮ ಮನೆಯ ಮೇಲೆಯೇ. ಬಿದ್ದು ಹಾನಿ ಮಾಡುವಂತಿರುವ ಮರವನ್ನು ತೆಗೆಸಲು ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಇದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಫೋಟೊ ಸಮೇತ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು.

ಕೊನೆಯದಾಗಿ ಸಮಯ. ಫೋನಿನಲ್ಲಿ ಮೇಲ್ವಿಚಾರಣೆ ಮಾಡಿ ಮುಗಿಸುವ ಕೆಲಸ ಇದಲ್ಲ. ವಯಸ್ಸಾದವರು ಅಂಗಳದಲ್ಲಿ ನಿಂತು ‘ಹಗ್ಗ ಹಾಕಪ್ಪಾ’ ಎಂದರೆ ಯಾರೂ ಕೇಳುವುದಿಲ್ಲ. ಇಲ್ಲಿನವರಿಗೆ ಚೀನಿ ಹೊಸವರ್ಷದ ರಜೆ ಸಿಗುವುದು ಜನವರಿ ಅಥವಾ ಫೆಬ್ರವರಿಯಲ್ಲಿ. ಊರಿನಲ್ಲಿ ಆಗ ಮಳೆ ಇಲ್ಲ, ಮರ ಒದ್ದೆಯಾಗಿ ಜಾರುವುದಿಲ್ಲ, ಏಪ್ರಿಲ್‌ನ ಗಾಳಿಗೆ ಇನ್ನೂ ಸಮಯವಿರುತ್ತದೆ, ಒಳ್ಳೆಯ ತಂಡಗಳೂ ಬಿಡುವಾಗಿ ಸಿಗುತ್ತವೆ. ಆ ರಜೆಗೆ ಬರುವವರಿದ್ದರೆ ಅರ್ಜಿಯನ್ನು ದೀಪಾವಳಿ ಕಳೆದ ಕೂಡಲೇ ಕೊಟ್ಟಿರಿ. ಅರ್ಜಿಯ ಜೊತೆ ಆರ್‌ಟಿಸಿ ಪ್ರತಿ, ಮರ ಮತ್ತು ಮನೆಯ ಗೋಡೆ ಎರಡೂ ಕಾಣುವ ಫೋಟೊ, ಸುತ್ತಳತೆ ಬರೆದ ಚೀಟಿ ಇರಲಿ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಮನೆಯಲ್ಲಿಟ್ಟು, ಅದರ ಫೋಟೊವನ್ನು ಇಲ್ಲಿಗೂ ಕಳುಹಿಸಿ.